ಬಚ್ಚಲ ನೀರು ಹೋಗುವುದೆಲ್ಲಿಗೆ?

ಇವತ್ತು ಕೆರೆಗಳ ಬಗ್ಗೆ ಮಾತಾಡಬೇಕೆಂದಿದ್ದೇನೆ. ಸುತ್ತ ಬಡಾವಣೆ ಎದ್ದು ನಿಂತ ಕೆರೆಗಳ ಬಗ್ಗೆ. ಕೆರೆ ಮನುಷ್ಯರು ಕಟ್ಟಿದ್ದು. ಸುತ್ತಲಿನ ಮನೆಗಳೂ ಮನುಷ್ಯರು ಕಟ್ಟಿದ್ದೇ. ಆ ಮನೆಗಳ ಬಚ್ಚಲಿನಿಂದ, ಅಡುಗೆಮನೆಯಿಂದ, ಪಾಯಿಖಾನೆಯಿಂದ ಹೊರಗೆ ಹೋದ ನೀರು ಎಲ್ಲಿ ಸೇರುತ್ತದೆ? ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇರುತ್ತದೆ.

ಸಿದ್ಧಕಟ್ಟೆಯವರಿಗೆ ಇದು ಯಾಕೆ ಬೇಕು ಎಂದು ನೀವು ಕೇಳಬಹುದು. ನಮ್ಮದು ಅಡಿಕೆ ತೋಟದ, ಬೈಲುಗದ್ದೆಯ ಊರು. ಆದರೆ ಬಂಟ್ವಾಳದ ಕಡೆಗೆ ಹೋಗಿ, ಮೂಡುಬಿದಿರೆಯ ಕಡೆಗೆ ಹೋಗಿ, ಬೆಳ್ತಂಗಡಿಯ ಕಡೆಗೆ ಹೋಗಿ. ಗುಡ್ಡವನ್ನು ಸಮತಟ್ಟು ಮಾಡಿ ಸೈಟು ಮಾಡುತ್ತಿದ್ದಾರೆ. ಐದು ಸೆಂಟ್ಸ್, ಹತ್ತು ಸೆಂಟ್ಸ್ ಜಾಗದಲ್ಲಿ ಮನೆಗಳು ಏಳುತ್ತಿವೆ. ಅದು ತಪ್ಪಲ್ಲ. ಮಕ್ಕಳು ದೊಡ್ಡವರಾಗುತ್ತಾರೆ, ಪಾಲಾಗುತ್ತದೆ, ಹೊಸ ಮನೆ ಬೇಕಾಗುತ್ತದೆ. ಆದರೆ ಬೆಂಗಳೂರು ಮಾಡಿದ ಒಂದು ತಪ್ಪನ್ನು ನಾವು ಮಾಡಬಾರದು. ಆ ತಪ್ಪು ಯಾವುದೆಂದು ತಿಳಿಯಬೇಕಾದರೆ ಮೊದಲು ಬೆಳ್ಳಂದೂರಿಗೆ ಹೋಗಿಬರಬೇಕು.

ಬೆಳ್ಳಂದೂರು ಕೆರೆ ಬೆಂಗಳೂರಿನ ಆಗ್ನೇಯ ಭಾಗದಲ್ಲಿದೆ. ಸುಮಾರು 900 ಎಕರೆ. ಅಲ್ಲಿಂದ ಮುಂದೆ ವರ್ತೂರು ಕೆರೆ, ಅದು ಇದರ ಅರ್ಧದಷ್ಟು. ಬೆಂಗಳೂರಿನ ಹತ್ತಿರ ದೊಡ್ಡ ನದಿಯಿಲ್ಲ. ಹಾಗಾಗಿ ಹಿಂದಿನವರು ತಗ್ಗಿಗೆ ಅಡ್ಡವಾಗಿ ಏರಿ ಕಟ್ಟಿದರು. ಮಳೆನೀರು ನಿಲ್ಲಿಸಿದರು. ಒಂದು ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಅದು ತುಂಬಿದರೆ ಅದರ ಕೆಳಗಿನದಕ್ಕೆ. ನಡುವೆ ರಾಜಕಾಲುವೆ. ತೂಬು ಎತ್ತಿದರೆ ಗದ್ದೆಗೆ ನೀರು. ಬೆಳ್ಳಂದೂರು ಮತ್ತು ವರ್ತೂರು ಈ ಸರಪಣಿಯ ಕೊನೆಯ ಕೊಂಡಿಗಳು. ಅಲ್ಲಿಂದ ನೀರು ದಕ್ಷಿಣ ಪಿನಾಕಿನಿ ನದಿಗೆ ಸೇರಿ ತಮಿಳುನಾಡಿಗೆ ಹೋಗುತ್ತದೆ.

ಊರು ಬೆಳೆಯಿತು. ಗದ್ದೆ ಹೋಗಿ ಬಡಾವಣೆ ಬಂತು. ಬಡಾವಣೆಯ ಜಾಗದಲ್ಲಿ ಹತ್ತಾರು ಮಹಡಿಯ ವಸತಿ ಸಮುಚ್ಚಯ ಬಂತು. ಕೆರೆ ಕಾಣುವ ಮನೆ ಎಂದು ಜಾಹೀರಾತು ಕೊಟ್ಟರು, ಅದಕ್ಕೆ ಬೆಲೆಯೂ ಹೆಚ್ಚು. ಆದರೆ ಮಳೆನೀರು ಹೋಗಬೇಕಿದ್ದ ರಾಜಕಾಲುವೆಗೆ ಮನೆಗಳ ಕೊಳಚೆ ಸೇರಿತು. ಸರಪಣಿ ಹಾಗೆಯೇ ಉಳಿಯಿತು, ಅದರಲ್ಲಿ ಹರಿಯುವ ವಸ್ತು ಬದಲಾಯಿತು. ಬೆಂಗಳೂರಿನ ಒಟ್ಟು ಕೊಳಚೆಯಲ್ಲಿ ಸುಮಾರು ನೂರಕ್ಕೆ 40 ಪಾಲು ಬೆಳ್ಳಂದೂರಿನ ಕಡೆಗೇ ಇಳಿಯುತ್ತದೆ ಎಂದು ಲೆಕ್ಕ. ಅದರಲ್ಲಿ ಶುದ್ಧವಾಗದ ನೀರೇ ವರ್ಷಗಟ್ಟಲೆ ಕೆರೆಗೆ ಬಿತ್ತು.

2015ರಲ್ಲಿ ಏನಾಯಿತೆಂಬುದನ್ನು ನಿಮ್ಮಲ್ಲಿ ಕೆಲವರು ಟಿವಿಯಲ್ಲಿ ನೋಡಿರಬಹುದು. ನೋಡದವರಿಗಾಗಿ ಹೇಳುತ್ತೇನೆ. ಕೋಡಿಯಿಂದ ನೀರು ಧುಮುಕುವ ಜಾಗದಲ್ಲಿ ಬಿಳಿ ನೊರೆ ಎದ್ದಿತು. ಒಂದು ಗೇಣಲ್ಲ, ಎರಡು ಗೇಣಲ್ಲ. ಆಳೆತ್ತರದ ನೊರೆ ಕಾಲುವೆಯ ಗೋಡೆ ದಾಟಿ ರಸ್ತೆಗೆ ಬಂತು. ಗಾಳಿ ಬೀಸಿದರೆ ತುಂಡುತುಂಡಾಗಿ ಹಾರಿ ಬೈಕಿನವರ ಮುಖಕ್ಕೆ ಬಡಿಯಿತು. ತಾಗಿದಲ್ಲಿ ತುರಿಕೆ. ಮೂಗು ಮುಚ್ಚಿಕೊಳ್ಳದೆ ಆ ದಾರಿಯಲ್ಲಿ ಹೋಗುವಂತಿರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಕೆರೆಯ ಒಳಗಿನಿಂದ ದಟ್ಟ ಹೊಗೆ. 2018ರ ಜನವರಿಯಲ್ಲಿ ಮತ್ತೆ ಬೆಂಕಿ. ಆರಿಸಲು ಸೈನಿಕರೇ ಇಳಿಯಬೇಕಾಯಿತು. ಕೆರೆಯ ನಡುವೆ ಬೆಂಕಿ! ನೀರಿನಿಂದ ಬೆಂಕಿ ಆರಿಸುವುದನ್ನು ಕಂಡವರು ನಾವು. ನೀರಿನ ಮೇಲೆಯೇ ಬೆಂಕಿ ಏಳುವುದನ್ನು ನಮ್ಮ ಹಿರಿಯರು ಊಹಿಸಿಯೂ ಇರಲಿಕ್ಕಿಲ್ಲ.

ಇದು ಹೇಗಾಯಿತು? ಬಟ್ಟೆ, ಪಾತ್ರೆ ತೊಳೆಯುವ ಪುಡಿಯಲ್ಲಿ ಕೊಳೆ ಬಿಡಿಸುವ ರಾಸಾಯನಿಕ ಇರುತ್ತದೆ. ನೊರೆ ಬರುವುದೂ ಅದರಿಂದಲೇ. ಅದು ಶುದ್ಧವಾಗದೆ ಕೆರೆ ಸೇರಿದರೆ ತಳದ ಹೂಳಿನಲ್ಲಿ ಕೂರುತ್ತದೆ. ಬೇಸಗೆಯುದ್ದಕ್ಕೂ ಸೇರುತ್ತಾ ಹೋಗುತ್ತದೆ. ಮೊದಲ ಮಳೆಗೆ ನೀರು ಕಲಕಿ, ಕೋಡಿಯಿಂದ ಧುಮುಕಿದಾಗ ನೊರೆಯಾಗಿ ಏಳುತ್ತದೆ. ಇನ್ನು ಮಲಮೂತ್ರದಲ್ಲಿ, ಸಾಬೂನು ಪುಡಿಯಲ್ಲಿ ರಂಜಕ ಮತ್ತು ಸಾರಜನಕ ಇವೆ. ತೋಟಕ್ಕೆ ಹಾಕಿದರೆ ಇವೇ ಗೊಬ್ಬರ. ಕೆರೆಗೆ ಬಿದ್ದರೂ ಗೊಬ್ಬರವೇ, ಆದರೆ ಅಲ್ಲಿ ಬೆಳೆಯುವುದು ಪಾಚಿ ಮತ್ತು ಅಂತರಗಂಗೆ. ನೀರಿನ ಮೈಯೇ ಕಾಣದಂತೆ ಅವು ಹಬ್ಬುತ್ತವೆ. ಬೆಳಕು ಒಳಗೆ ಇಳಿಯುವುದಿಲ್ಲ. ಸತ್ತ ಸೊಪ್ಪು ತಳಕ್ಕೆ ಬಿದ್ದು ಕೊಳೆಯುತ್ತದೆ. ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ಖರ್ಚಾಗುತ್ತದೆ. ರಾತ್ರಿ ಪಾಚಿಯೂ ಆಮ್ಲಜನಕ ಎಳೆದುಕೊಳ್ಳುತ್ತದೆ. ಬೆಳಗಿನ ಜಾವಕ್ಕೆ ಮೀನು ಮೇಲಕ್ಕೆ ಬಂದು ಬಾಯಿ ಬಿಡುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯ ದಡದಲ್ಲಿ ಸತ್ತ ಮೀನು ರಾಶಿ ಬಿದ್ದಿತ್ತು. ಆಮ್ಲಜನಕ ಪೂರ್ತಿ ಮುಗಿದ ಕೆಸರಿನಿಂದ ಮೀಥೇನ್ ಅನಿಲ ಏಳುತ್ತದೆ. ಅದು ಉರಿಯುವ ಅನಿಲ. ಜೊತೆಗೆ ಎಣ್ಣೆಯಂಶ, ಒಣಗಿದ ಕಳೆ, ತಂದು ಸುರಿದ ಕಸ. ಇನ್ನು ಬೆಂಕಿಗೆ ಬೇಕಾದುದು ಒಂದು ಕಿಡಿ ಮಾತ್ರ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಕೆರೆ ತಾನಾಗಿ ಕೆಡಲಿಲ್ಲ. ಮೇಲಿನ ಮನೆಗಳಿಂದ ಇಳಿದು ಬಂದದ್ದು ಅದನ್ನು ಕೆಡಿಸಿತು. ಹಾಗಾದರೆ ಒಂದೊಂದು ಮನೆಯಿಂದ ಬರುವುದು ಎಷ್ಟು? ಅದನ್ನೊಮ್ಮೆ ಲೆಕ್ಕ ಹಾಕೋಣ.

ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ ಸುಮಾರು 135 ಲೀಟರ್ ನೀರು ಬೇಕೆಂದು ಸರಕಾರದ ಲೆಕ್ಕ. ಬಾವಿಗೆ ಪಂಪು ಇಟ್ಟು, ಮಾಡಿನ ಮೇಲೆ ಟ್ಯಾಂಕಿ ಇಟ್ಟ ಮನೆಗಳಲ್ಲಿ ನಮ್ಮೂರಲ್ಲೂ ಇಷ್ಟೇ ಖರ್ಚಾಗುತ್ತದೆ. ಅದರಲ್ಲಿ ನೂರಕ್ಕೆ 80ರಷ್ಟು ಕೊಳೆನೀರಾಗಿ ಹೊರಗೆ ಬರುತ್ತದೆ. ಮನೆಗೆ ನಾಲ್ಕು ಜನ, ಬಡಾವಣೆಗೆ ನೂರು ಮನೆ ಎಂದಿಟ್ಟುಕೊಳ್ಳಿ. ದಿನಕ್ಕೆ 40 ಸಾವಿರ ಲೀಟರಿಗೂ ಹೆಚ್ಚು. ಐದು ಸಾವಿರ ಲೀಟರಿನ ಟ್ಯಾಂಕರು ಎಂಟು ಸಲ ಬಂದು ಸುರಿದು ಹೋದಷ್ಟು. ಭಾನುವಾರವೂ ಬಿಡುವಿಲ್ಲ, ಹಬ್ಬದ ದಿನ ಇನ್ನೂ ಒಂದು ಟ್ಯಾಂಕರು ಹೆಚ್ಚು. ಇಷ್ಟು ನೀರು ಎಲ್ಲಿಗೋ ಹೋಗಲೇಬೇಕು. ಸೈಟು ಮಾರುವವರು ರಸ್ತೆ ಎಷ್ಟು ಅಗಲ ಎಂದು ಹೇಳುತ್ತಾರೆ. ಕರೆಂಟು ಕಂಬ ತೋರಿಸುತ್ತಾರೆ. ಕೊಳೆನೀರಿನ ದಾರಿಯನ್ನು ಕೊಳ್ಳುವವರೂ ಕೇಳುವುದಿಲ್ಲ, ಮಾರುವವರೂ ಹೇಳುವುದಿಲ್ಲ. ನನಗೆ ನಿಜವಾಗಿ ದುಃಖ ತರುವುದು ಈ ಮೌನ.

ಈಗ ನಮ್ಮದೇ ಮಂಗಳೂರಿಗೆ ಬನ್ನಿ. ಮಂಗಳಾದೇವಿ ದೇವಸ್ಥಾನದ ಹತ್ತಿರ ಗುಜ್ಜರಕೆರೆ ಇದೆ. ಹಳೆಯ ಕೆರೆ. ಒಂದು ಕಾಲದಲ್ಲಿ ಸುತ್ತಲಿನ ಬಾವಿಗಳಿಗೆಲ್ಲ ಅದರದೇ ಒಸರು. ಅದರ ಸುತ್ತ ನಗರ ಬೆಳೆಯಿತು. ಒಳಚರಂಡಿ ಕೊಳವೆಯೂ ಬಂತು. ಅಲ್ಲಿಂದ ಸೋರಿದ ಕೊಳಚೆ ಕೆರೆಯೊಳಗೆ ನುಸುಳಿತು. ಕೆರೆಯ ಅಭಿವೃದ್ಧಿಗೆ ಕೋಟಿಗಟ್ಟಲೆ ಹಣ ಬಂತು. ಹೂಳೆತ್ತಿದರು. ಸುತ್ತ ಗೋಡೆ ಕಟ್ಟಿದರು. ನಡೆದಾಡಲು ದಾರಿ ಮಾಡಿದರು. ಆದರೂ ಕೊಳಚೆ ಸೇರುತ್ತಿದೆ ಎಂಬ ದೂರು ನಿಲ್ಲಲಿಲ್ಲ. ನೀರು ಪರೀಕ್ಷೆ ಮಾಡಿದಾಗಲೂ ಮಲದ ರೋಗಾಣು ಸಿಕ್ಕಿತು. ದಡದ ಕೆಲಸ ಎಷ್ಟು ಚೆನ್ನಾಗಿದ್ದರೂ ಒಳಗೆ ಬರುವ ಕೊಳವೆ ಮುಚ್ಚದಿದ್ದರೆ ಕೆರೆ ಉಳಿಯುವುದಿಲ್ಲ ಎಂಬುದಕ್ಕೆ ನಾವು ಬೆಂಗಳೂರಿಗೆ ಹೋಗಬೇಕಾಗಿಲ್ಲ.

ನಾನು ಕೆರೆಯ ಸೌಂದರ್ಯಕ್ಕೆ ವಿರೋಧಿಯಲ್ಲ. ಸಂಜೆ ಹೊತ್ತು ಹಿರಿಯರು ದಡದಲ್ಲಿ ಕೂರಬೇಕು, ಮಕ್ಕಳು ಓಡಬೇಕು. ಮೂಡುಬಿದಿರೆಗೆ ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರು ನಾವು. ಕೆರೆಯನ್ನು ಬಸದಿಯ ಸಾಲಿನಲ್ಲಿ, ದೇವಸ್ಥಾನದ ಸಾಲಿನಲ್ಲಿ ಎಣಿಸಿದ ಊರು ಅದು. ನನ್ನ ಬೇಡಿಕೆ ಇಷ್ಟೇ: ಬೆಂಚು ಹಾಕುವ ಮೊದಲು ಕೊಳವೆ ಹುಡುಕಿ.

ಕೊಳವೆ ಹುಡುಕಿ ನಿಲ್ಲಿಸಿದರೆ ಕೆರೆ ಬದುಕುತ್ತದೆಯೇ? ಬದುಕುತ್ತದೆ. ಇದಕ್ಕೆ ಸಾಕ್ಷಿ ಇದೆ.

ಅಮೆರಿಕದ ಸಿಯಾಟಲ್ ನಗರದ ಪಕ್ಕದಲ್ಲಿ ವಾಷಿಂಗ್ಟನ್ ಎಂಬ ದೊಡ್ಡ ಸರೋವರವಿದೆ. ಇದು ಕಟ್ಟಿದ ಕೆರೆಯಲ್ಲ, ನಿಸರ್ಗದ್ದೇ. ಆದರೆ ಎರಡನೆಯ ಮಹಾಯುದ್ಧದ ನಂತರ ಅದರ ದಡದುದ್ದಕ್ಕೂ ಬಡಾವಣೆಗಳು ಎದ್ದವು. ಅವುಗಳ ಕೊಳಚೆಯನ್ನು ಒಂದಿಷ್ಟು ಶುದ್ಧ ಮಾಡಿ ಸರೋವರಕ್ಕೇ ಬಿಟ್ಟರು. 1955ರ ಹೊತ್ತಿಗೆ ನೀರು ಪಾಚಿಗಟ್ಟಿತು. ಎಡ್ಮಂಡ್ಸನ್ ಎಂಬ ವಿಜ್ಞಾನಿ ಇದಕ್ಕೆ ರಂಜಕವೇ ಕಾರಣ ಎಂದು ತೋರಿಸಿದರು. 1958ರಲ್ಲಿ ಜನರು ಮತ ಹಾಕಿ, ಖರ್ಚು ತಾವೇ ಹೊತ್ತು, ಕೊಳಚೆಯನ್ನು ಬೇರೆ ಕಡೆ ಒಯ್ಯುವ ವ್ಯವಸ್ಥೆಗೆ ಒಪ್ಪಿದರು. 1968ಕ್ಕೆ ಕೆಲಸ ಮುಗಿಯಿತು. ಒಂದು ಮೀಟರ್ ಆಳವೂ ಕಾಣದಿದ್ದ ನೀರು ಕೆಲವೇ ವರ್ಷಗಳಲ್ಲಿ ಮೂರು ಮೀಟರ್ ಆಳದವರೆಗೆ ತಿಳಿಯಾಯಿತು.

ದೂರದ ಮಾತು ಬೇಡ ಎನ್ನುವವರಿಗೆ ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರು ಕೆರೆ. ಅಲ್ಲಿ ಕೊಳಚೆ ಮೊದಲು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಅಲ್ಲಿಂದ ಹೊರಬಂದ ನೀರು ನೇರ ಕೆರೆಗೆ ಬೀಳುವುದಿಲ್ಲ. ಜೊಂಡು ಬೆಳೆದ ಜವುಗಿನಲ್ಲಿ ನಿಧಾನ ಹರಿದು, ಉಳಿದ ರಂಜಕವನ್ನು ಆ ಗಿಡಗಳಿಗೆ ಕೊಟ್ಟು, ಆಮೇಲೆ ಕೆರೆ ಸೇರುತ್ತದೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯದು ಇನ್ನೊಂದು ಕಥೆ. ಸುಮಾರು 13 ಎಕರೆಯ ಸಣ್ಣ ಕೆರೆ. ಸುತ್ತಲಿನ ನಿವಾಸಿಗಳು 2010ರಲ್ಲಿ ತಾವೇ ಟ್ರಸ್ಟ್ ಮಾಡಿಕೊಂಡು ಅದನ್ನು ನೋಡಿಕೊಂಡರು. ಮುಂದೆ ಹತ್ತಿರದ ವಸತಿ ಸಮುಚ್ಚಯವೊಂದು ತನ್ನ ಕೊಳಚೆಯನ್ನು ಶುದ್ಧ ಮಾಡಿ ಕೆರೆಗೆ ಕೊಡತೊಡಗಿತು. ಗಮನಿಸಿ ಕೇಳುಗರೆ: ಬೆಳ್ಳಂದೂರನ್ನು ಕೆಡಿಸಿದ್ದು ವಸತಿ ಸಮುಚ್ಚಯಗಳ ನೀರು. ಪುಟ್ಟೇನಹಳ್ಳಿಯನ್ನು ತುಂಬಿಸಿದ್ದೂ ವಸತಿ ಸಮುಚ್ಚಯದ ನೀರೇ.

ಬೆಳ್ಳಂದೂರಿನಲ್ಲೂ ಕೆಲಸ ನಡೆದಿದೆ ಎನ್ನಬೇಕು. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರಕಾರಕ್ಕೆ 500 ಕೋಟಿ ರೂಪಾಯಿ ತೆಗೆದಿರಿಸಲು ಹೇಳಿತು. ಹೂಳೆತ್ತುವ ಕೆಲಸ ವರ್ಷಗಟ್ಟಲೆ ಹಿಡಿಯಿತು. ಮೊದಲೇ ಕೊಳವೆ ಹಾಕಿದ್ದರೆ ಇಷ್ಟು ಹಣ ಬೇಕಿರಲಿಲ್ಲ. ಎಚ್ಚರಿಕೆ ಇರಲಿಲ್ಲವೆಂದಲ್ಲ, 1980ರ ದಶಕದಲ್ಲೇ ಲಕ್ಷ್ಮಣ ರಾವ್ ಸಮಿತಿ ಬೆಂಗಳೂರಿನ ಕೆರೆಗಳನ್ನು ಕಾಪಾಡಬೇಕೆಂದು ವರದಿ ಕೊಟ್ಟಿತ್ತು.

ಇಷ್ಟು ಹೊತ್ತು ಕೆರೆ ಹೇಗೆ ಕೆಡುತ್ತದೆ, ಹೇಗೆ ಉಳಿಯುತ್ತದೆ ಎಂದು ಹೇಳಿದೆ. ಎರಡಕ್ಕೂ ಕಾರಣ ಕೆರೆಯ ಒಳಗಿಲ್ಲ, ಮೇಲಿನ ಮನೆಗಳಲ್ಲಿದೆ. ಈಗ ಸಿದ್ಧಕಟ್ಟೆಗೆ ಬರುತ್ತೇನೆ.

ನಮಗೂ ಬೆಂಗಳೂರಿಗೂ ಎರಡು ದೊಡ್ಡ ವ್ಯತ್ಯಾಸ. ಒಂದು ಮಳೆ. ಅಲ್ಲಿ ವರ್ಷಕ್ಕೆ ಸುಮಾರು ಒಂದು ಸಾವಿರ ಮಿಲಿಮೀಟರ್. ನಮ್ಮ ಜಿಲ್ಲೆಯಲ್ಲಿ ನಾಲ್ಕು ಸಾವಿರದ ಹತ್ತಿರ, ಅದರಲ್ಲೂ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಇಷ್ಟು ಮಳೆ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ ಎಂಬ ಧೈರ್ಯ ನಮಗಿದೆ. ಆ ಧೈರ್ಯ ನವೆಂಬರಿನ ನಂತರ ಕೆಲಸಕ್ಕೆ ಬರುವುದಿಲ್ಲ. ಮಳೆ ಬಿಟ್ಟ ಮೇಲೆ ತೋಡಿನ ನೀರು ಇಳಿಯುತ್ತದೆ. ಆಗ ನಾವು ಕಟ್ಟ ಕಟ್ಟುತ್ತೇವೆ. ಕಲ್ಲು, ಮಣ್ಣು, ಸೊಪ್ಪು ಹಾಕಿ ತೋಡಿಗೆ ಅಡ್ಡ ಕಟ್ಟುವುದು ನಮ್ಮ ಹಿರಿಯರ ವಿದ್ಯೆ. ಈಗ ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸುತ್ತೇವೆ. ಹಿಂದೆ ನಿಂತ ನೀರು ಒಂದು ಸಣ್ಣ ಕೆರೆಯೇ. ಅದರಿಂದ ಅಕ್ಕಪಕ್ಕದ ಬಾವಿಗಳಲ್ಲಿ ನೀರು ಏರುತ್ತದೆ. ತೋಟಕ್ಕೆ ತಂಪು. ಆದರೆ ಯೋಚಿಸಿ. ಗುಡ್ಡದ ಬಡಾವಣೆಯ ಮೋರಿ ಆ ತೋಡಿಗೇ ಬಿಟ್ಟಿದ್ದರೆ? ಬೇಸಗೆಯಲ್ಲಿ ಮೇಲಿನಿಂದ ಹೊಸ ನೀರಿಲ್ಲ. ಬರುವುದು ಮೋರಿಯ ನೀರು ಮಾತ್ರ. ಕಟ್ಟ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ, ನಿಲ್ಲಿಸಿದ್ದನ್ನು ಬಾವಿಗೆ ಕಳಿಸುತ್ತದೆ.

ಎರಡನೆಯ ವ್ಯತ್ಯಾಸ ನೆಲ. ನಮ್ಮದು ಮುರಕಲ್ಲಿನ ನೆಲ. ಮನೆಗೆ ಕಟ್ಟುವ ಕೆಂಪುಕಲ್ಲನ್ನೇ ಕೈಯಲ್ಲಿ ಹಿಡಿದು ನೋಡಿ. ಜೇನುಹುಟ್ಟಿನಂತೆ ತೂತು ತೂತು. ಒಂದು ಚೆಂಬು ನೀರು ಹೊಯ್ದರೆ ಮೇಲೆ ನಿಲ್ಲುವುದಿಲ್ಲ, ಒಳಗಿಳಿದು ಇನ್ನೊಂದು ಬದಿಯಿಂದ ಜಿನುಗುತ್ತದೆ. ಮುರಕಲ್ಲಿನ ಪದರದ ಕೆಳಗೆ ಶೇಡಿ ಮಣ್ಣು. ಅದರೊಳಗೆ ನೀರು ಸುಲಭಕ್ಕೆ ಇಳಿಯುವುದಿಲ್ಲ. ಹಾಗಾಗಿ ಮುರಕಲ್ಲಿನಲ್ಲಿ ಇಳಿದ ನೀರು ಶೇಡಿಯ ಮೇಲೆ ಅಡ್ಡಕ್ಕೆ ಹರಿಯುತ್ತದೆ. ನಮ್ಮ ಬಾವಿಯ ಒಸರು ಬರುವುದು ಹೀಗೆಯೇ. ಪಾಯಿಖಾನೆ ಗುಂಡಿಯ ನೀರು ಹರಿಯುವ ದಾರಿಯೂ ಇದೇ. ಮರಳು ಮಿಶ್ರಿತ ಮಣ್ಣು ಕೊಳೆಯನ್ನು ಸೋಸುತ್ತದೆ. ಮುರಕಲ್ಲಿನ ದೊಡ್ಡ ತೂತುಗಳು ಅಷ್ಟು ಸೋಸುವುದಿಲ್ಲ.

ಗುಂಡಿಯ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಆಳ ಹೆಚ್ಚಿದ್ದಷ್ಟು ಒಳ್ಳೆಯದು, ಬೇಗ ತುಂಬುವುದಿಲ್ಲ ಎಂದು ಜನ ಹೇಳುತ್ತಾರೆ. ಇಪ್ಪತ್ತು ಅಡಿ ತೋಡಿಸುತ್ತಾರೆ. ಆಟಿ ತಿಂಗಳಲ್ಲಿ ನಿಮ್ಮ ಬಾವಿಗೆ ಒಮ್ಮೆ ಬಗ್ಗಿ ನೋಡಿ. ಹಗ್ಗ ಸ್ವಲ್ಪ ಬಿಟ್ಟರೆ ಸಾಕು, ಕೊಡ ಮುಳುಗುತ್ತದೆ. ಅಂದರೆ ನೆಲದೊಳಗಿನ ನೀರು ಅಷ್ಟು ಮೇಲೆ ಬಂದಿದೆ. ಇಪ್ಪತ್ತು ಅಡಿಯ ಗುಂಡಿ ಆಗ ಆ ನೀರಿನಲ್ಲೇ ಮುಳುಗಿರುತ್ತದೆ. ಗುಂಡಿ ತುಂಬುವುದಿಲ್ಲ, ನಿಜ. ಒಳಗಿದ್ದದ್ದು ಹೊರಗೆ ಹೋಗುತ್ತಿರುವುದರಿಂದ ತುಂಬುವುದಿಲ್ಲ. ಗುಂಡಿಯ ತಳ ನೆಲದ ನೀರಿಗಿಂತ ಸುಮಾರು ಎರಡು ಮೀಟರ್ ಮೇಲೆ ಇರಬೇಕು. ಬಾವಿಗೂ ಗುಂಡಿಗೂ ಕನಿಷ್ಠ 15 ಮೀಟರ್ ಅಂತರ ಬೇಕು. ನಮ್ಮ ಮುರಕಲ್ಲಿನಲ್ಲಿ ಇನ್ನೂ ಹೆಚ್ಚಿದ್ದರೆ ಒಳ್ಳೆಯದು. ಐದು ಸೆಂಟ್ಸ್ ಸೈಟಿನಲ್ಲಿ ನಿಮ್ಮ ಬಾವಿಯಿಂದ ನಿಮ್ಮ ಗುಂಡಿ ದೂರ ಇರಬಹುದು. ಬೇಲಿಯಾಚೆಯ ಮನೆಯವರ ಬಾವಿಗೆ ಎಷ್ಟು ದೂರ ಎಂದು ಅಳೆದಿದ್ದೀರಾ?

ಆಳದ ಒಂದು ಗುಂಡಿಗಿಂತ ಆಳವಿಲ್ಲದ ಎರಡು ಗುಂಡಿ ಒಳ್ಳೆಯದು. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸುವುದು. ಮುಚ್ಚಿಟ್ಟದ್ದು ಸುಮಾರು ಎರಡು ವರ್ಷಕ್ಕೆ ಮಣ್ಣಾಗುತ್ತದೆ, ವಾಸನೆಯಿರುವುದಿಲ್ಲ, ತೆಂಗಿನ ಬುಡಕ್ಕೆ ಹಾಕಬಹುದು. ಸೆಪ್ಟಿಕ್ ಟ್ಯಾಂಕ್ ಇರುವವರು ಹೀರುವ ಗಾಡಿ ತರಿಸುತ್ತಾರೆ. ಆ ಗಾಡಿ ಎಲ್ಲಿ ಖಾಲಿಯಾಗುತ್ತದೆ ಎಂದು ಕೇಳುವ ಹಕ್ಕು ಹಣ ಕೊಡುವವರಿಗಿದೆ. ಹಳೆಯ ಕೆಂಪುಕಲ್ಲು ಕೋರೆಯಲ್ಲಿ ಖಾಲಿಯಾದರೆ ಅದು ಮರಳಿ ಬಾವಿಗೇ ಬರುತ್ತದೆ. ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಮಲತ್ಯಾಜ್ಯ ಶುದ್ಧ ಮಾಡುವ ಘಟಕ ಗ್ರಾಮ ಪಂಚಾಯತಿ ಮಟ್ಟದಲ್ಲೇ ಆಗಿದೆ. ನಮ್ಮ ಪಕ್ಕದ ತಾಲೂಕಿನಲ್ಲಿ ಆದದ್ದು ನಮ್ಮಲ್ಲೂ ಆಗಬಹುದು.

ಗುಂಡಿಯ ಮಾತಾಯಿತು. ಉಳಿದದ್ದು ಬಚ್ಚಲ ನೀರು, ಅಡುಗೆಮನೆಯ ನೀರು. ಪ್ರಮಾಣದಲ್ಲಿ ಇದೇ ಹೆಚ್ಚು.

ಹಳೆಯ ಮನೆಗಳ ಹಿತ್ತಿಲು ನೆನಪು ಮಾಡಿಕೊಳ್ಳಿ. ಬಚ್ಚಲಿನ ಹಿಂದೆ ಬಾಳೆ ಇರುತ್ತಿತ್ತು. ಅದರ ಬುಡದಲ್ಲಿ ಕೆಸು. ಸ್ವಲ್ಪ ಆಚೆಗೆ ತೆಂಗು. ಬಚ್ಚಲ ನೀರು ಒಂದು ಸಣ್ಣ ಕಣಿಯಲ್ಲಿ ಹರಿದು ಅಲ್ಲೇ ಇಂಗುತ್ತಿತ್ತು. ತೋಡಿಗೆ ಹೋಗುತ್ತಿರಲಿಲ್ಲ. ಊರಿನಲ್ಲೇ ದೊಡ್ಡ ಗೊನೆ ಬಚ್ಚಲ ಬಾಳೆಯದು. ಪಾತ್ರೆಗೆ ಬೂದಿ, ತಲೆಗೆ ಸೀಗೆ, ಬಟ್ಟೆಗೆ ಅಂಟುವಾಳ. ಈಗ ಆ ಕಾಲ ಮರಳಿ ಬರುವುದಿಲ್ಲ, ಬರಬೇಕೆಂದೂ ನಾನು ಹೇಳುವುದಿಲ್ಲ. ಅಂಟುವಾಳ ಕುಟ್ಟಿ, ಒದ್ದೆ ಬಟ್ಟೆಯ ಹೊರೆ ಹೊತ್ತು ಕೈ ಸೋತವರು ಹೆಂಗಸರೇ. ಆದರೆ ಬಾಳೆ ಈಗಲೂ ಬೆಳೆಯುತ್ತದೆ. ಐದು ಸೆಂಟ್ಸಿನಲ್ಲಿ ನಾಲ್ಕು ಬುಡ ಬಾಳೆಗೆ ಜಾಗ ಸಿಗುತ್ತದೆ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಬೇಡಿ. ಅಡುಗೆಮನೆಯ ನೀರಿಗೆ ಎಣ್ಣೆಜಿಡ್ಡು ತಡೆಯುವ ಸಣ್ಣ ತೊಟ್ಟಿ ಮಾಡಿ, ವಾರಕ್ಕೊಮ್ಮೆ ಜಿಡ್ಡು ತೆಗೆಯಿರಿ. ಬಟ್ಟೆಯ ಪುಡಿ ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಹಾಕಬೇಡಿ. ನೊರೆ ಹೆಚ್ಚಾದರೆ ಬಟ್ಟೆ ಹೆಚ್ಚು ಬೆಳ್ಳಗಾಗುವುದಿಲ್ಲ.

ಒಂದೆರಡು ಮನೆ ಹೀಗೆ ಮಾಡಬಹುದು. ನೂರು ಮನೆಯ ಬಡಾವಣೆಗೆ ಬಾಳೆಬುಡ ಸಾಕಾಗದು. ಅಲ್ಲಿ ಎಲ್ಲರಿಗೂ ಸೇರಿ ಒಂದು ಶುದ್ಧೀಕರಣ ವ್ಯವಸ್ಥೆ ಬೇಕು. ಅದಕ್ಕೆ ಜಾಗ ನಕ್ಷೆಯಲ್ಲೇ ಇರಬೇಕು. ಸೈಟುಗಳೆಲ್ಲ ಮಾರಿ ಹೋದ ಮೇಲೆ ಜಾಗ ಎಲ್ಲಿಂದ ಬರುತ್ತದೆ? ಗ್ರಾಮಸಭೆಯಲ್ಲಿ ರಸ್ತೆಯ ಮಾತು, ದಾರಿದೀಪದ ಮಾತು ಬರುತ್ತದೆ. ಮುಂದಿನ ಸಲ ಎದ್ದು ನಿಂತು, ಈ ಹೊಸ ಬಡಾವಣೆಯ ಕೊಳೆನೀರು ಯಾವ ತೋಡಿಗೆ ಎಂದು ಕೇಳಿ. ಉತ್ತರ ನಡವಳಿ ಪುಸ್ತಕದಲ್ಲಿ ಬರೆಸಿ.

ಕೊನೆಗೆ, ಈ ವಾರವೇ ನೀವು ಮಾಡಬಹುದಾದ ಒಂದು ಕೆಲಸ. ಕುದಿಸಿದ ನೀರು ಕುಡಿಯುವುದು ನಮ್ಮ ಅಭ್ಯಾಸ. ಬಹಳ ಒಳ್ಳೆಯದು, ರೋಗಾಣು ಸಾಯುತ್ತದೆ. ಆದರೆ ಗುಂಡಿಯಿಂದ ಬಂದ ನೈಟ್ರೇಟ್ ಎಂಬ ಸಾರಜನಕದ ಲವಣ ಕುದಿಸಿದರೆ ಹೋಗುವುದಿಲ್ಲ. ಆದ್ದರಿಂದ ಬಾವಿಗೆ ಏನು ಸೇರುತ್ತಿದೆ ಎಂದು ಗೊತ್ತಿರಬೇಕು. ಜಲಜೀವನ್ ಮಿಷನ್ ಯೋಜನೆಯಲ್ಲಿ ಗ್ರಾಮ ಪಂಚಾಯತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ. ಪರೀಕ್ಷೆ ಮಾಡಲು ಊರಿನ ಹೆಂಗಸರಿಗೆ ತರಬೇತಿಯೂ ಆಗಿದೆ. ಪಂಚಾಯತಿಗೆ ಹೋಗಿ ಕೇಳಿ. ರೋಗಾಣು ನೋಡುವ ಸಣ್ಣ ಬಾಟಲಿ ಕೊಡುತ್ತಾರೆ. ಒಳಗೆ ಔಷಧಿ ಇರುತ್ತದೆ, ತೊಳೆಯಬೇಡಿ. ಕೈ ತೊಳೆದುಕೊಂಡು, ಗುರುತಿನವರೆಗೆ ಬಾವಿಯ ನೀರು ತುಂಬಿ, ಮುಚ್ಚಳ ಬಿಗಿ ಮಾಡಿ. ಒಂದೆರಡು ದಿನ ಮಕ್ಕಳ ಕೈಗೆ ಸಿಗದ ಕಡೆ ಇಡಿ. ನೀರು ಕಪ್ಪಾದರೆ ಮಲದ ಅಂಶ ಸೇರಿದೆ ಎಂದರ್ಥ. ಬೇಸಗೆಯ ಕೊನೆಗೆ ಒಮ್ಮೆ ಮಾಡಿ, ಮಳೆ ಹಿಡಿದು ಬಾವಿ ತುಂಬಿದ ಮೇಲೆ ಇನ್ನೊಮ್ಮೆ ಮಾಡಿ. ಎರಡರ ಫಲಿತಾಂಶವನ್ನೂ ದಿನಾಂಕ ಹಾಕಿ ಬರೆದಿಡಿ. ಬೇಲಿಯಾಚೆಯ ಮನೆಯವರಿಗೂ ಹೇಳಿ, ಅವರ ಬಾವಿಯ ನೀರನ್ನೂ ಅದೇ ದಿನ ತುಂಬಿಸಿಡಿ.